ಟೀ, ಮಜ್ಜಿಗೆ, ಕಬ್ಬಿನ ಹಾಲು, ಬೋರ್‌ವೆಲ್ ನೀರು: ನಮ್ಮ ಕಡೆಯವರ ಹಲ್ಲಿಗೆ ಯಾವುದು ವಾಸಿ?

ಏನು ಕುಡಿದರೆ ಹಲ್ಲಿಗೆ ಒಳ್ಳೇದು ಅಂತ ಕೇಳಿದರೆ ಎಲ್ಲರೂ ಹೇಳುವುದು ಒಂದೇ ಮಾತು. ಕೋಲಾ ಬಿಡಿ, ನೀರು ಕುಡಿಯಿರಿ. ಬೇರೆ ಕಡೆಯವರಿಗೆ ಅಷ್ಟು ಸಾಕೇನೋ, ನಮ್ಮ ಕಡೆಯವರಿಗೆ ಸಾಲದು. ಬಾಗೇಪಲ್ಲಿ, ಗುಡಿಬಂಡೆ, ಗೌರಿಬಿದನೂರು, ಮುಳಬಾಗಿಲು, ಶ್ರೀನಿವಾಸಪುರ, ಆ ಕಡೆ ಪಾವಗಡ, ಶಿರಾ, ಮಧುಗಿರಿ, ಇಲ್ಲೆಲ್ಲ ಮೊದಲು ಕೇಳಬೇಕಾದದ್ದು "ಯಾವ ನೀರು?" ಅಂತ. ಟೀ, ಕಾಫಿ, ಜ್ಯೂಸಿನ ಮಾತೆಲ್ಲ ಆಮೇಲೆ.

ನಾನು ಹಲ್ಲಿನ ಡಾಕ್ಟರ್ ಅಲ್ಲ. ಚಿಕ್ಕಬಳ್ಳಾಪುರದ ಕಡೆಯವಳು, ಮಕ್ಕಳಿರುವ ಮನೆಯವಳು. ಇಲ್ಲಿನ ಶಾಲೆಯ ಮುಂದೆ ನಿಂತು ಮಕ್ಕಳು ನಗುವುದನ್ನು ನೋಡಿದರೆ ಈ ವಿಷಯ ಸುಮ್ನೆ ಬಿಡುವಂಥದ್ದಲ್ಲ ಅಂತ ಯಾರಿಗಾದರೂ ಅನ್ನಿಸುತ್ತದೆ. ಮುಂದಿನ ಎರಡು ಹಲ್ಲಿನ ಮೇಲೆ ಅಡ್ಡಡ್ಡ ಬಿಳಿ ಗೆರೆ, ಕೆಲವರಿಗೆ ಸುಣ್ಣ ಬಳಿದ ಹಾಗೆ ಮಂಕು ಬಿಳಿ, ಇನ್ನು ಕೆಲವರಿಗೆ ಕಂದು ಕಲೆ, ಅಲ್ಲಲ್ಲಿ ಸಣ್ಣ ಗುಳಿ. ಊರಲ್ಲಿ ಇದನ್ನು ಪಾಚಿ ಹಲ್ಲು ಅನ್ನುತ್ತಾರೆ. ಸರಿಯಾಗಿ ಉಜ್ಜಲ್ಲ ಅಂತ ಮಗುವನ್ನೇ ಬೈಯುತ್ತಾರೆ. ಅದು ಉಜ್ಜಿದರೆ ಹೋಗುವ ಪಾಚಿ ಅಲ್ಲ. ಹಲ್ಲು ವಸಡಿನೊಳಗೆ ಬೆಳೆಯುತ್ತಿರುವಾಗಲೇ ನೀರಿನ ಫ್ಲೋರೈಡ್ ಮಾಡಿಟ್ಟ ಗುರುತು. ಮಗುವಿನದ್ದು ಏನೇನೂ ತಪ್ಪಿಲ್ಲ.

ಹಲ್ಲಿಗೆ ಪಾನೀಯದಿಂದ ಬರುವ ತೊಂದರೆ ಮೂರು ಬಗೆ. ಒಂದು ಈ ಫ್ಲೋರೈಡ್. ಎರಡು, ಸಕ್ಕರೆಯಿಂದ ಬರುವ ಹುಳುಕು. ಮೂರು, ಹುಳಿಯಿಂದ ಹಲ್ಲಿನ ಮೇಲಿನ ಗಟ್ಟಿ ಪದರ, ಅಂದರೆ ಎನಾಮೆಲ್, ಸವೆಯುವುದು. ಟೀ ಕಲೆ ನಾಲ್ಕನೆಯದು ಅನ್ನಬಹುದು, ಆದರೆ ಅದು ನೋಟದ ವಿಷಯ, ಕ್ಲೀನ್ ಮಾಡಿಸಿದರೆ ಹೋಗುತ್ತದೆ. ಈ ಮೂರನ್ನೂ ಒಂದೇ ತಕ್ಕಡಿಗೆ ಹಾಕಿದರೆ ಲೆಕ್ಕ ತಪ್ಪುತ್ತದೆ. ಒಂದಕ್ಕೆ ಒಳ್ಳೆಯದಾದ ಪಾನೀಯ ಇನ್ನೊಂದಕ್ಕೆ ಕೆಟ್ಟದ್ದಾಗಿರಬಹುದು.

ಮೊದಲು ನೀರು

ಚಿಕ್ಕಬಳ್ಳಾಪುರ, ಕೋಲಾರ, ತುಮಕೂರು, ನಮ್ಮ ಈ ಮೂರು ಜಿಲ್ಲೆಗೂ ವರ್ಷವಿಡೀ ಹರಿಯುವ ನದಿ ಇಲ್ಲ. ಕೆರೆ ಬತ್ತಿದವು, ಬಾವಿ ಬತ್ತಿದವು, ಬೋರ್‌ವೆಲ್ ಸಾವಿರ ಅಡಿ ದಾಟಿತು. ಕೆಳಗಿರುವುದು ಗ್ರಾನೈಟಿನಂಥ ಗಟ್ಟಿ ಕಲ್ಲು. ಆ ಕಲ್ಲಿನ ಸಂದಿಯಲ್ಲಿ ನೀರು ಎಷ್ಟೋ ವರ್ಷ ನಿಂತಿರುತ್ತದೆ, ಕಲ್ಲಿನೊಳಗಿನ ಫ್ಲೋರೈಡ್ ನಿಧಾನಕ್ಕೆ ನೀರಿಗೆ ಇಳಿಯುತ್ತದೆ. ಭಾರತದ ಕುಡಿಯುವ ನೀರಿನ ಮಾನದಂಡದ ಪ್ರಕಾರ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರು ಇಲ್ಲವೇ ಇಲ್ಲ ಅಂದಾಗ 1.5ರ ತನಕ ಒಪ್ಪಬಹುದು. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದೂ 1.5 ಮಿಲಿಗ್ರಾಂ ಎಂದೇ. ನಮ್ಮ ಕಡೆ ಇದನ್ನು ದಾಟುವ ಬೋರ್‌ವೆಲ್‌ಗಳು ಬೇಕಾದಷ್ಟಿವೆ.

ಈ ನೀರಿಗೆ ಬಣ್ಣ ಇಲ್ಲ, ವಾಸನೆ ಇಲ್ಲ, ರುಚಿಯಲ್ಲೂ ಗೊತ್ತಾಗಲ್ಲ. "ನಮ್ಮ ಬೋರಿನ ನೀರು ಸಿಹಿನೀರು" ಅನ್ನುವವರ ನೀರಿನಲ್ಲೂ ಫ್ಲೋರೈಡ್ ಜಾಸ್ತಿ ಇರಬಹುದು. ಹಾಗಾಗಿ ಹೋಲಿಸುವುದಕ್ಕೆ ಮೊದಲು ಪರೀಕ್ಷೆ ಆಗಲಿ. ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷೆ ಮಾಡುವ ಕಿಟ್ ಕೊಟ್ಟಿರುತ್ತಾರೆ, ನೀರಿಗೆ ಹನಿ ಔಷಧಿ ಹಾಕಿ ಬಣ್ಣವನ್ನು ಚಾರ್ಟಿನ ಜೊತೆ ಹಿಡಿದು ನೋಡುವಂಥದ್ದು, ಹೋಗಿ ಕೇಳಿ. ನಿಖರವಾದ ಅಂಕಿ ಬೇಕಿದ್ದರೆ ಜಿಲ್ಲೆಯ ಕುಡಿಯುವ ನೀರಿನ ಲ್ಯಾಬಿಗೆ ಬಾಟಲಿಯಲ್ಲಿ ತುಂಬಿ ಕೊಡಬೇಕು. ಒಂದು ಸಲ ಮಾಡಿಸಿ ಸುಮ್ಮನಾಗಬೇಡಿ. ಬೋರ್ ಇನ್ನೂ ಆಳಕ್ಕೆ ಇಳಿಸಿದಾಗ, ಹೊಸ ಬೋರ್ ಕೊರೆಸಿದಾಗ, ಬೇಸಿಗೆಯಲ್ಲಿ ನೀರು ಕೆಳಗಿಳಿದಾಗ ಅಂಕಿ ಬದಲಾಗಬಹುದು. 2018ರಿಂದ ಕೆ.ಸಿ. ವ್ಯಾಲಿ ನೀರು, ಅಂದರೆ ಬೆಂಗಳೂರಿನ ಕೊಳಚೆ ನೀರನ್ನು ಶುದ್ಧೀಕರಿಸಿ ಬಿಡುವ ನೀರು, ಕೋಲಾರದ ಕೆರೆಗಳಿಗೆ ಬರುತ್ತಿದೆ, ಸುತ್ತಮುತ್ತ ಬೋರುಗಳಲ್ಲಿ ನೀರು ಮೇಲೆ ಬಂದಿದೆ ಅನ್ನುವ ಸಮಾಧಾನ ಇದೆ. ನೀರು ಮೇಲೆ ಬಂತು ಅಂದ ಮಾತ್ರಕ್ಕೆ ಕುಡಿಯಲು ಸರಿ ಇದೆ ಅಂತ ಅಲ್ಲ, ಪರೀಕ್ಷೆ ಮಾಡಿಸಿಯೇ ಕುಡಿಯಬೇಕು.

ಈಗ ಆಯ್ಕೆಗಳು. ಫ್ಲೋರೈಡ್ ಜಾಸ್ತಿ ಇರುವ ಬೋರ್ ನೀರನ್ನು ಕುದಿಸಿ ಕುಡಿದರೆ ಆಯಿತಲ್ಲ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ಆಗಲ್ಲ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಫ್ಲೋರೈಡ್ ಅಲ್ಲೇ ಇರುತ್ತದೆ. ನೀರು ಆವಿಯಾಗಿ ಕಮ್ಮಿಯಾದಷ್ಟೂ ಫ್ಲೋರೈಡ್ ಇನ್ನೂ ದಟ್ಟ ಆಗುತ್ತದೆ. ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್, ಬರೀ ಯುವಿ ಮೆಷಿನ್, ಇವು ಯಾವುದೂ ಫ್ಲೋರೈಡಿಗೆ ಉಪಯೋಗಕ್ಕೆ ಬರಲ್ಲ. ತಾಮ್ರದ ಬಿಂದಿಗೆಯೂ ಅಷ್ಟೇ.

ಕೆಲಸಕ್ಕೆ ಬರುವುದು ಆರ್‌ಒ, ಅಂದರೆ ಮೆಂಬ್ರೇನ್ ಅನ್ನುವ ತೆಳು ಪೊರೆಯ ಮೂಲಕ ನೀರನ್ನು ಒತ್ತಿ ಸೋಸುವ ಮೆಷಿನ್. ಊರಿನ ಶುದ್ಧ ನೀರಿನ ಘಟಕದಲ್ಲಿ ಕಾಯಿನ್ ಹಾಕಿ ಹಿಡಿದುಕೊಂಡು ಬರುವ 20 ಲೀಟರ್ ಕ್ಯಾನ್ ಇದೆಯಲ್ಲ, ಘಟಕ ಸರಿಯಾಗಿ ನಡೆಯುತ್ತಿದ್ದರೆ, ಮನೆಯಲ್ಲಿ ಸಾವಿರಾರು ರೂಪಾಯಿ ಮೆಷಿನ್ ಹಾಕಿಸಲು ಆಗದವರಿಗೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಸರಿಯಾಗಿ ನಡೆಯುತ್ತಿದ್ದರೆ ಅನ್ನುವುದನ್ನು ಒತ್ತಿ ಹೇಳುತ್ತೇನೆ. ಮೆಂಬ್ರೇನ್ ಹಳೆಯದಾದರೆ ಫ್ಲೋರೈಡ್ ನುಸುಳಿ ಬರುತ್ತದೆ, ಹಾಗಾಗಿ ಘಟಕದ ನೀರನ್ನೂ ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿ ಅಂತ ಪಂಚಾಯಿತಿಯನ್ನು ಕೇಳುವ ಹಕ್ಕು ನಮಗಿದೆ. ಮನೆಗೆ ಮೆಷಿನ್ ಮಾರಲು ಬರುವವರು ಪೆನ್ನಿನಂಥ ಟಿಡಿಎಸ್ ಮೀಟರ್ ಅದ್ದಿ ತೋರಿಸುತ್ತಾರೆ. ಅದು ನೀರಿನಲ್ಲಿ ಕರಗಿರುವ ಎಲ್ಲ ಲವಣದ ಒಟ್ಟು ಲೆಕ್ಕ. ಅದರಲ್ಲಿ ಫ್ಲೋರೈಡ್ ಎಷ್ಟು ಅಂತ ಅದು ಹೇಳಲ್ಲ. ಟಿಡಿಎಸ್ 400 ಇರುವ ನೀರಿನಲ್ಲಿ ಫ್ಲೋರೈಡ್ 2 ಇರಬಹುದು, 900 ಇರುವ ನೀರಿನಲ್ಲಿ ಅರ್ಧ ಮಿಲಿಗ್ರಾಂ ಇರಬಹುದು. ಆರ್‌ಒ ಹೊರಗೆ ಬಿಡುವ ವೇಸ್ಟ್ ನೀರಿನಲ್ಲಿ ಫ್ಲೋರೈಡ್ ಇನ್ನೂ ಜಾಸ್ತಿ ಇರುತ್ತದೆ. ಅದನ್ನು ನೆಲ ಒರೆಸಲು, ಬಚ್ಚಲಿಗೆ ಬಳಸಿ. ದನಕರುಗಳಿಗೆ ಕುಡಿಸಬೇಡಿ.

ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲ ಅನ್ನುವಷ್ಟು ಕಮ್ಮಿ. ತಾರಸಿ ಚೆನ್ನಾಗಿದ್ದು, ಮೊದಲ ಮಳೆಯ ನೀರು ಹೊರಗೆ ಬಿಟ್ಟು, ಆಮೇಲಿನದ್ದನ್ನು ಮುಚ್ಚಿದ ತೊಟ್ಟಿಗೆ ತುಂಬಿಸಿಕೊಂಡು ಕುದಿಸಿ ಕುಡಿದರೆ ಹಲ್ಲಿಗೂ ಮೂಳೆಗೂ ಕ್ಷೇಮ. ಟ್ಯಾಂಕರ್ ನೀರು ಅಂದರೆ ಇನ್ಯಾರದೋ ಬೋರ್ ನೀರು, ಅಷ್ಟೇ. ತುಮಕೂರು ನಗರದವರಿಗೆ ಬುಗುಡನಹಳ್ಳಿ ಕೆರೆಯಿಂದ ಹೇಮಾವತಿ ನೀರು ಬರುತ್ತದೆ. ನದಿ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಮ್ಮಿ, ಅವರಿಗೆ ಈ ತಲೆನೋವು ಅಷ್ಟಿಲ್ಲ. ಅದೇ ಜಿಲ್ಲೆಯ ಪಾವಗಡದವರ ಕಥೆ ಪೂರ್ತಿ ಬೇರೆ.

ತುಂಬಾ ಮನೆಯಲ್ಲಿ ಕಾಣುವ ಒಂದು ವಿಷಯ ಹೇಳಲೇಬೇಕು. ಅಡುಗೆ ಮನೆಯಲ್ಲಿ ಎರಡು ನೀರು ಇರುತ್ತದೆ. ಸ್ಟೂಲಿನ ಮೇಲೆ ಕುಡಿಯುವುದಕ್ಕೆ ಘಟಕದ ಕ್ಯಾನು, ಮೂಲೆಯ ಕೊಡದಲ್ಲಿ ಅಡುಗೆಗೆ ನಲ್ಲಿ ನೀರು. ಅನ್ನಕ್ಕೆ ಎಸರು ಇಡುವುದು, ಮುದ್ದೆಗೆ ನೀರು ಕಾಯಿಸುವುದು, ಬೇಳೆ ಬೇಯಿಸುವುದು, ಟೀಗೆ ಇಡುವುದು, ಎಲ್ಲ ಆ ಕೊಡದಿಂದ. ಮುದ್ದೆ ಎಷ್ಟು ನೀರು ಹೀರುತ್ತದೆ ಅಂತ ತೊಳಸಿದವರಿಗೆ ಗೊತ್ತು. ಆ ನೀರಿನ ಫ್ಲೋರೈಡ್ ಪೂರ್ತಿ ಹೊಟ್ಟೆಗೇ ಹೋಗುತ್ತದೆ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಇನ್ನೊಂದು ಕ್ಯಾನು ಜಾಸ್ತಿ ತಂದು ಅಡುಗೆಗೂ ಅದನ್ನೇ ಹಾಕಿ. ಸ್ನಾನಕ್ಕೆ, ಪಾತ್ರೆಗೆ, ಬಟ್ಟೆಗೆ, ಬಾಯಿ ಮುಕ್ಕಳಿಸಲು ಬೋರ್ ನೀರು ಧಾರಾಳವಾಗಿ ಬಳಸಬಹುದು, ನುಂಗದಿದ್ದರೆ ತೊಂದರೆ ಇಲ್ಲ.

ಯಾರಿಗೆ ಇದು ತುರ್ತು? ಹುಟ್ಟಿದಂದಿನಿಂದ ಸುಮಾರು 8 ವರ್ಷದ ತನಕದ ಮಕ್ಕಳಿಗೆ. ಕಾಯಂ ಹಲ್ಲುಗಳ ಎನಾಮೆಲ್ ಒಳಗೆ ತಯಾರಾಗುವ ಕಾಲ ಅದು. ಎದುರಿಗೆ ಕಾಣುವ ಮುಂದಿನ ಹಲ್ಲುಗಳಿಗಂತೂ ಮೊದಲ ಮೂರು ನಾಲ್ಕು ವರ್ಷವೇ ಮುಖ್ಯ. ಹಲ್ಲು ಪೂರ್ತಿ ಬೆಳೆದ ಮೇಲೆ ಎಷ್ಟು ಫ್ಲೋರೈಡ್ ನೀರು ಕುಡಿದರೂ ಹಲ್ಲಿನ ಮೇಲೆ ಹೊಸ ಗೆರೆ ಬರಲ್ಲ. ಆದರೆ ದೊಡ್ಡವರಿಗೆ ವರ್ಷಗಟ್ಟಲೆ ಕುಡಿದರೆ ಕೀಲು, ಮೂಳೆ, ಬೆನ್ನು ಹಿಡಿಯುತ್ತದೆ, ಆದ್ದರಿಂದ ದೊಡ್ಡವರು ಕುಡಿಯಬಹುದು ಅಂತ ಅರ್ಥ ಮಾಡಿಕೊಳ್ಳಬೇಡಿ. ಎಳೆ ಕೂಸಿಗೆ ತಾಯಿ ಹಾಲೇ ಎಲ್ಲಕ್ಕಿಂತ ವಾಸಿ. ತಾಯಿ ಎಂಥ ನೀರು ಕುಡಿದರೂ ಎದೆ ಹಾಲಿಗೆ ಬರುವ ಫ್ಲೋರೈಡ್ ತೀರಾ ಕಮ್ಮಿ. ಅದೇ ಹಾಲಿನ ಪುಡಿಯನ್ನು ಬೋರ್ ನೀರಿನಲ್ಲಿ ಕಲಸಿ ಕೊಟ್ಟರೆ ದಿನಕ್ಕೆ ಆರೇಳು ಸಲ ಫ್ಲೋರೈಡ್ ಕೊಟ್ಟ ಹಾಗೆ.

ಆರ್‌ಒ ನೀರಿನಲ್ಲಿ ಫ್ಲೋರೈಡ್ ಇಲ್ಲದೇ ಹೋದರೆ ಹುಳುಕು ಜಾಸ್ತಿ ಆಗಲ್ವಾ ಅಂತ ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಸ್ವಲ್ಪ ಫ್ಲೋರೈಡ್ ಹಲ್ಲಿಗೆ ಬೇಕು, ಅದು ಎನಾಮೆಲನ್ನು ಗಟ್ಟಿ ಮಾಡುತ್ತದೆ. ಆದರೆ ಅದು ಹೊಟ್ಟೆಗೆ ಹೋಗಿ ಆಗಬೇಕಿಲ್ಲ, ಹಲ್ಲಿನ ಮೇಲೆ ತಾಗಿದರೆ ಸಾಕು. ಫ್ಲೋರೈಡ್ ಪೇಸ್ಟ್ ಇರುವುದೇ ಅದಕ್ಕೆ. 3 ವರ್ಷದ ಒಳಗಿನವರಿಗೆ ಅಕ್ಕಿ ಕಾಳಿನಷ್ಟು, 3ರಿಂದ 6 ವರ್ಷದವರಿಗೆ ಬಟಾಣಿ ಕಾಳಿನಷ್ಟು, ಉಗುಳಿಸುವುದು ದೊಡ್ಡವರ ಕೆಲಸ. ಮನೆಯ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದ್ದು ಮಗು ಪೇಸ್ಟ್ ನುಂಗುತ್ತಿದ್ದರೆ ಯಾವ ಪೇಸ್ಟ್ ಅಂತ ಡಾಕ್ಟರ್ ಹತ್ತಿರ ಕೇಳಿ ತೀರ್ಮಾನಿಸಿ.

ಸಕ್ಕರೆ, ಹುಳಿ ಹೇಗೆ ಕೆಲಸ ಮಾಡುತ್ತವೆ

ಬಾಯಲ್ಲಿರುವ ಬ್ಯಾಕ್ಟೀರಿಯಾ ಸಕ್ಕರೆ ತಿಂದು ಆಸಿಡ್ ಬಿಡುತ್ತವೆ. ಹುಳಿ ಅಳೆಯುವ ಪಿಎಚ್ ಲೆಕ್ಕದಲ್ಲಿ 7 ಅಂದರೆ ನೀರು, ಅಂಕಿ ಇಳಿದಷ್ಟೂ ಹುಳಿ ಜಾಸ್ತಿ, ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು. ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮೆಲ್ ಕರಗಲು ಶುರು. ಸಿಹಿ ಕುಡಿದ ಕೆಲವೇ ನಿಮಿಷದಲ್ಲಿ ಬಾಯಿ ಆ ಮಟ್ಟಕ್ಕೆ ಇಳಿಯುತ್ತದೆ. ಆಮೇಲೆ ಎಂಜಲು ಬಂದು ತೊಳೆದು, ಕ್ಯಾಲ್ಸಿಯಂ ವಾಪಸ್ ಕೊಟ್ಟು ಸರಿ ಮಾಡಲು ಅರ್ಧ ಗಂಟೆಯಿಂದ ಒಂದು ಗಂಟೆ ಬೇಕು.

ಈ ಒಂದು ಗಂಟೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಮಿಕ್ಕ ಹೋಲಿಕೆ ಸುಲಭ. ಒಂದು ಲೋಟ ಪಾನಕ ಗಟಗಟ ಕುಡಿದು ಮುಗಿಸಿದವರ ಹಲ್ಲು ಒಂದು ಸಲ ಪೆಟ್ಟು ತಿಂದು ಚೇತರಿಸಿಕೊಳ್ಳುತ್ತದೆ. ಅದೇ ಲೋಟವನ್ನು ಮಧ್ಯಾಹ್ನವೆಲ್ಲ ಗುಟುಕು ಗುಟುಕಾಗಿ ಹೀರಿದವರ ಹಲ್ಲಿಗೆ ಚೇತರಿಸಿಕೊಳ್ಳಲು ಪುರುಸೊತ್ತೇ ಸಿಗಲ್ಲ. ಏನು ಕುಡಿದಿರಿ ಅನ್ನುವಷ್ಟೇ ಎಷ್ಟು ಸಲ, ಎಷ್ಟು ಹೊತ್ತು ಅನ್ನುವುದೂ ಮುಖ್ಯ. ನನ್ನ ಪ್ರಕಾರ ಹೆಚ್ಚೇ ಮುಖ್ಯ.

ಟೀಯಾ, ಕಾಫಿಯಾ?

ಸಕ್ಕರೆ ಇಲ್ಲದಿದ್ದರೆ ಎರಡೂ ಹಲ್ಲಿಗೆ ಅಂಥ ಶತ್ರುಗಳಲ್ಲ. ಪಿಎಚ್ 5ರ ಆಸುಪಾಸು, ಮೇಲೆ ಹಾಲು ಬೇರೆ ಸೇರಿರುತ್ತದೆ. ಹಾಲಿನ ಪ್ರೋಟೀನು ಟೀಯ ಒಗರನ್ನು ಹಿಡಿದುಕೊಳ್ಳುವುದರಿಂದ ಹಾಲಿನ ಟೀಗಿಂತ ಬ್ಲ್ಯಾಕ್ ಟೀ, ಲೆಮನ್ ಟೀ ಕಲೆ ಜಾಸ್ತಿ ಮಾಡುತ್ತವೆ. ಲೆಮನ್ ಟೀಯಲ್ಲಿ ಹುಳಿಯೂ ಸೇರಿತು. ಆರೋಗ್ಯಕ್ಕೆ ಅಂತ ಹಾಲಿನ ಟೀ ಬಿಟ್ಟು ದಿನಕ್ಕೆ ನಾಲ್ಕು ಲೆಮನ್ ಟೀ ಕುಡಿಯುವವರ ಹಲ್ಲಿಗೆ ಮೊದಲಿನದ್ದೇ ವಾಸಿ ಇತ್ತು.

ಸಮಸ್ಯೆ ಇರುವುದು ಸಕ್ಕರೆಯಲ್ಲಿ, ಎಷ್ಟು ಸಲ ಕುಡಿಯುತ್ತೀರಿ ಅನ್ನುವುದರಲ್ಲಿ. ಬಸ್ ಸ್ಟ್ಯಾಂಡಿನ ಟೀ ಅಂಗಡಿಯಲ್ಲಿ ಸಣ್ಣ ಗ್ಲಾಸು ಅಂತ ಲೆಕ್ಕಕ್ಕೆ ಹಿಡಿಯಲ್ಲ. ಬೆಳಗ್ಗೆ ಎದ್ದ ತಕ್ಷಣ ಒಂದು, ತಿಂಡಿ ಆದ ಮೇಲೆ ಒಂದು, ಹನ್ನೊಂದಕ್ಕೆ ಬೈಟು, ನಾಲ್ಕಕ್ಕೆ ಒಂದು, ಸಾಯಂಕಾಲ ಯಾರೋ ಸಿಕ್ಕಿದರು ಅಂತ ಇನ್ನೊಂದು. ಪ್ರತಿಯೊಂದಕ್ಕೂ ಎರಡು ಚಮಚ ಹಿಡಿದರೆ ಎಂಟು ಹತ್ತು ಚಮಚ, ಅಂದರೆ 40 ಗ್ರಾಂ ಹತ್ತಿರ. ದಿನಕ್ಕೆ 25 ಗ್ರಾಂ ಒಳಗೆ ಇದ್ದರೆ ಒಳ್ಳೇದು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದಕ್ಕಿಂತ ಮುಖ್ಯ, ಐದು ಸಲ ಒಂದೊಂದು ಗಂಟೆ ಹಲ್ಲು ಆಸಿಡ್‌ನಲ್ಲಿ ಇದ್ದ ಹಾಗಾಯಿತು. ಸಕ್ಕರೆ ಬಿಡಲು ಆಗದಿದ್ದರೆ ಎರಡು ಟೀಗೆ ಸಕ್ಕರೆ ಇಟ್ಟುಕೊಳ್ಳಿ, ಅದೂ ತಿಂಡಿ ಊಟದ ಹಿಂದೆಯೇ. ಮಿಕ್ಕವನ್ನು ಸಪ್ಪೆ ಮಾಡಿ.

ಬೆಲ್ಲದ ಕಾಫಿ ಒಳ್ಳೇದಲ್ವಾ ಅಂತ ಕೇಳುತ್ತಾರೆ. ರುಚಿಗೆ ಒಳ್ಳೇದು. ಹಲ್ಲಿಗೆ ಬೆಲ್ಲವೂ ಸಕ್ಕರೆಯೇ, ಜೇನುತುಪ್ಪವೂ ಸಕ್ಕರೆಯೇ. ಬ್ಯಾಕ್ಟೀರಿಯಾ ಬಣ್ಣ ನೋಡಿ ತಿನ್ನಲ್ಲ.

ನಮ್ಮ ಕಡೆಗೆ ಮಾತ್ರ ಸೇರಿಸಬೇಕಾದ ಒಂದು ಮಾತಿದೆ. ಟೀ ಗಿಡ ಮಣ್ಣಿನ ಫ್ಲೋರೈಡನ್ನು ಎಲೆಯಲ್ಲಿ ಕೂಡಿಟ್ಟುಕೊಳ್ಳುತ್ತದೆ. ಒಳ್ಳೆ ನೀರಿನಲ್ಲಿ ಮಾಡಿದ ಸ್ಟ್ರಾಂಗ್ ಟೀಯಲ್ಲೂ ಲೀಟರಿಗೆ 1 ಮಿಲಿಗ್ರಾಂ ದಾಟುವುದು ಸಾಮಾನ್ಯ. ಬೋರ್ ನೀರಿನಲ್ಲಿ ಟೀ ಪುಡಿ ಹಾಕಿ ಚೆನ್ನಾಗಿ ಕುದಿಸಿದರೆ ನೀರಿನದ್ದೂ ಟೀಯದ್ದೂ ಎರಡೂ ಸೇರುತ್ತವೆ. ಕಾಫಿಯಲ್ಲಿ ಈ ಕಾಟ ಇಲ್ಲ. ಹಾಗಾಗಿ ಫ್ಲೋರೈಡ್ ಊರಿನ ದೊಡ್ಡವರಿಗೆ ಟೀಗಿಂತ ಕಾಫಿ ವಾಸಿ ಅನ್ನುವುದು ನನ್ನ ಅಭಿಪ್ರಾಯ. ಮಕ್ಕಳಿಗೆ ಎರಡೂ ಬೇಡ. ಬನ್ನು ಅದ್ದಿಕೊಂಡು ತಿನ್ನಲಿ ಅಂತ ಮೂರು ವರ್ಷದ ಮಗುವಿಗೆ ಟೀ ಬಸಿದು ಕೊಡುವುದನ್ನು ದಯವಿಟ್ಟು ನಿಲ್ಲಿಸಿ.

ಮಜ್ಜಿಗೆ, ಪಾನಕ, ಅಂಬಲಿ, ಹಾಲು

ರಾಮನವಮಿಯ ದಿನ ಪೆಂಡಾಲಿನಲ್ಲಿ ಎರಡು ಡ್ರಮ್ ಅಕ್ಕಪಕ್ಕ ಇಟ್ಟಿರುತ್ತಾರಲ್ಲ, ಪಾನಕ ಒಂದರಲ್ಲಿ, ನೀರು ಮಜ್ಜಿಗೆ ಇನ್ನೊಂದರಲ್ಲಿ. ನಾಲಿಗೆಗೆ ಎರಡೂ ಹುಳಿಯೇ. ಹಲ್ಲಿಗೆ ಅಜಗಜಾಂತರ. ಪಾನಕದಲ್ಲಿ ನಿಂಬೆಯ ಹುಳಿಯೂ ಇದೆ, ಬೆಲ್ಲವೂ ಇದೆ, ಎರಡು ಏಟು ಒಟ್ಟಿಗೆ. ಮಜ್ಜಿಗೆಯ ಪಿಎಚ್ 4.5ರ ಆಸುಪಾಸು ಇರುತ್ತದೆ, ಅಂಕಿ ನೋಡಿದರೆ ಕೆಟ್ಟದ್ದು ಅನ್ನಿಸಬೇಕು. ಆದರೆ ಅದರಲ್ಲಿ ಕ್ಯಾಲ್ಸಿಯಂ, ರಂಜಕ ಎರಡೂ ಇರುವುದರಿಂದ ಹಲ್ಲಿನ ಕ್ಯಾಲ್ಸಿಯಂ ಹೊರಗೆ ಕರಗಿ ಹೋಗಲ್ಲ. ಸಕ್ಕರೆ ಹಾಕದ ಮೊಸರು, ಮಜ್ಜಿಗೆ ಎನಾಮೆಲ್ ಸವೆಸುವುದಿಲ್ಲ. ಸಾಲದ್ದಕ್ಕೆ, ಕ್ಯಾಲ್ಸಿಯಂ ಹೊಟ್ಟೆಯಲ್ಲಿ ಫ್ಲೋರೈಡನ್ನು ಹಿಡಿದು ರಕ್ತಕ್ಕೆ ಸೇರುವುದನ್ನು ತಗ್ಗಿಸುತ್ತದೆ. ನಮ್ಮ ಮೂರು ಜಿಲ್ಲೆಗೂ ಇದಕ್ಕಿಂತ ಹೊಂದುವ ಪಾನೀಯ ನನಗೆ ಕಾಣಲ್ಲ. ಹಾಲಿಗೆ ಇಲ್ಲಿ ಬರವೂ ಇಲ್ಲ, ಊರೂರಿಗೂ ಡೈರಿ ಇದೆ. ಒಂದೇ ಮಾತು, ನೀರು ಮಜ್ಜಿಗೆಯ ನೀರು ಘಟಕದ್ದಾಗಿರಲಿ. ವರ್ಷಕ್ಕೊಂದು ದಿನದ ಪಾನಕವನ್ನು ಸಂತೋಷವಾಗಿ ಕುಡಿಯಿರಿ.

ರಾಗಿ ಅಂಬಲಿಗೆ ಉಪ್ಪು, ಮಜ್ಜಿಗೆ, ಈರುಳ್ಳಿ ಹಾಕಿ ಕುಡಿದರೆ ಒಳ್ಳೇದು. ಬೆಲ್ಲ ಹಾಕಿ ರಾಗಿ ಮಾಲ್ಟ್ ಅಂತ ಕುಡಿದರೆ ಲೆಕ್ಕ ಬದಲಾಗುತ್ತದೆ.

ಬರೀ ಹಾಲು ಹಲ್ಲಿನ ಸ್ನೇಹಿತ, ಪಿಎಚ್ 6.7 ಆಸುಪಾಸು. ಅದಕ್ಕೆ ಡಬ್ಬಿಯ ಪುಡಿ ಎರಡು ಚಮಚ, ಮೇಲೆ ಸಕ್ಕರೆ ಒಂದು ಚಮಚ ಹಾಕುವುದು ರೂಢಿ. ಪುಡಿಯಲ್ಲೇ ಸಕ್ಕರೆ ಇದೆ, ಡಬ್ಬಿ ತಿರುಗಿಸಿ ಓದಿ ನೋಡಿ. ಇದೇ ಹಾಲು ರಾತ್ರಿ ಬಾಟಲಿಯಲ್ಲಿ ಮಗುವಿನ ಬಾಯಿಗೆ ಇಟ್ಟು ಮಲಗಿಸಿದರೆ ಮಾತ್ರ ಸ್ನೇಹಿತ ಅಲ್ಲ. ನಿದ್ದೆಯಲ್ಲಿ ಎಂಜಲು ಕಮ್ಮಿ, ಹಾಲು ಮೇಲಿನ ಮುಂದಿನ ಹಲ್ಲುಗಳ ಸುತ್ತ ನಿಂತೇ ಇರುತ್ತದೆ. ಎರಡು ವರ್ಷದ ಮಕ್ಕಳ ಮುಂದಿನ ನಾಲ್ಕು ಹಲ್ಲು ಕಂದಾಗಿ ಮೊಟಕಾಗಿರುವುದು ನೋಡಿರುತ್ತೀರಿ, ಬಹಳ ಸಲ ಅದಕ್ಕೆ ಈ ಬಾಟಲಿಯೇ ಕಾರಣ. ಮಲಗುವ ಮುಂಚೆ ಲೋಟದಲ್ಲಿ ಕುಡಿಸಿ, ಹಲ್ಲು ಉಜ್ಜಿಸಿ ಮಲಗಿಸಿ. ರಾತ್ರಿ ಬಾಟಲಿ ಬೇಕೇ ಬೇಕು ಅಂತ ಅತ್ತರೆ ಅದರಲ್ಲಿ ನೀರು ಇರಲಿ. "ಹಾಲು ಹಲ್ಲು ತಾನೆ, ಬಿದ್ದು ಹೋಗುತ್ತೆ ಬಿಡಮ್ಮ" ಅನ್ನುವ ಅತ್ತೆಯರಿಗೆ ಪ್ರೀತಿಯಿಂದಲೇ ಹೇಳಿ: ಹಾಲು ಹಲ್ಲು ಹುಳುಕಾದರೆ ಮಗುವಿಗೆ ನೋವಾಗುತ್ತದೆ, ಸರಿಯಾಗಿ ಉಣ್ಣಲ್ಲ, ಕೀವಾದರೆ ಕೆಳಗಿರುವ ಕಾಯಂ ಹಲ್ಲಿಗೂ ಏಟು.

ಎಳನೀರು, ಕಬ್ಬಿನ ಹಾಲು, ನಿಂಬೆ ಸೋಡ

ಬಿಸಿಲಲ್ಲಿ ನಿಂತು ಆರಿಸಬೇಕಾದಾಗ ಎಳನೀರು ಆರಿಸಿ. ಪಿಎಚ್ 5ರ ಹತ್ತಿರ, ಒಂದು ಕಾಯಿಯಲ್ಲಿ 10 ಗ್ರಾಂ ಆಸುಪಾಸು ತನ್ನದೇ ಸಿಹಿ. ಕುಡಿದು ಮುಗಿಸಿದರೆ ದೊಡ್ಡ ತೊಂದರೆ ಇಲ್ಲ. ಕಬ್ಬಿನ ಹಾಲಿನ ದೊಡ್ಡ ಲೋಟದಲ್ಲಿ 30 ಗ್ರಾಂ ಹತ್ತಿರ ಸಕ್ಕರೆ ಇರುತ್ತದೆ, ಮೇಲೆ ಅರ್ಧ ಹೋಳು ನಿಂಬೆ ಹಿಂಡುತ್ತಾರೆ. ಅದೇ ಕಬ್ಬನ್ನು ಸಿಗಿದು ಅಗಿದರೆ ಎಂಜಲು ಚೆನ್ನಾಗಿ ಬರುತ್ತದೆ ಅನ್ನುವುದು ನಿಜ, ಆದರೂ ಸಕ್ಕರೆ ಸಕ್ಕರೆಯೇ.

ಬರೀ ಸೋಡ ಹಲ್ಲನ್ನು ಅಷ್ಟಾಗಿ ಕೆಡಿಸಲ್ಲ. ಗೋಲಿ ಸೋಡಕ್ಕೆ ಉಪ್ಪು ಮಾತ್ರ ಹಾಕಿಸಿಕೊಂಡರೆ ಪರವಾಗಿಲ್ಲ. ನಿಂಬೆ ಹಿಂಡಿದ ಮೇಲೆ ಅದು ಬೇರೆಯೇ. ನಿಂಬೆ ರಸದ ಪಿಎಚ್ 2ರಿಂದ 2.5, ನೀರು ಬೆರೆಸಿದರೂ 3ರ ಆಸುಪಾಸಿನಲ್ಲೇ ಇರುತ್ತದೆ. ಬೇಸಿಗೆಯಲ್ಲಿ ಒಮ್ಮೆ ಕುಡಿಯುವ ಶರಬತ್ತಿನ ಬಗ್ಗೆ ನನಗೆ ಚಿಂತೆ ಇಲ್ಲ. ಚಿಂತೆ ಇರುವುದು ಮೈ ಇಳಿಸಲು ದಿನಾ ಬೆಳಗ್ಗೆ ಖಾಲಿ ಹೊಟ್ಟೆಗೆ ಬಿಸಿನೀರು, ನಿಂಬೆ, ಜೇನುತುಪ್ಪ ಕುಡಿಯುವ ಅಭ್ಯಾಸದ ಬಗ್ಗೆ. ರಾತ್ರಿಯೆಲ್ಲ ಎಂಜಲು ಕಮ್ಮಿಯಾಗಿ ಒಣಗಿದ ಬಾಯಿ, ಅದರ ಮೇಲೆ ಬಿಸಿ ಹುಳಿ, ಜೊತೆಗೆ ಜೇನು, ತಕ್ಷಣ ಬ್ರಷ್. ಹುಳಿ ತಾಗಿ ಮೆತ್ತಗಾದ ಎನಾಮೆಲನ್ನು ಬ್ರಷ್ ಹಾಕಿ ಕೆರೆದ ಹಾಗೆ. ಕೆಲವು ವರ್ಷ ಹೀಗೆ ನಡೆದರೆ ತಣ್ಣೀರು ತಾಗಿದರೂ ಹಲ್ಲು ಜುಮ್ಮೆನ್ನುತ್ತದೆ, ಹಲ್ಲಿನ ಅಂಚು ತೆಳ್ಳಗಾಗುತ್ತದೆ, ಒಳಗಿನ ಹಳದಿ ಕಾಣುತ್ತದೆ. ಕುಡಿಯಲೇಬೇಕು ಅಂದರೆ ಮೊದಲು ಬ್ರಷ್ ಮಾಡಿ ಆಮೇಲೆ ಕುಡಿಯಿರಿ, ಜೇನು ಬಿಡಿ, ಕೂಡಲೇ ಬರೀ ನೀರಿನಲ್ಲಿ ಮುಕ್ಕಳಿಸಿ. ಯಾವುದೇ ಹುಳಿ ಕುಡಿದ ಮೇಲೆ ಅರ್ಧ ಗಂಟೆಯಾದರೂ ಬ್ರಷ್ ಮುಟ್ಟಬೇಡಿ.

ಬಾಟಲಿ, ಪ್ಯಾಕೆಟ್

ಶ್ರೀನಿವಾಸಪುರದ ಮಾವಿನ ಊರಿನವರು, ಚಿಕ್ಕಬಳ್ಳಾಪುರದ ದ್ರಾಕ್ಷಿ ತೋಟದ ಪಕ್ಕದವರು ಕೂಡ ಮಕ್ಕಳಿಗೆ ಪ್ಯಾಕೆಟ್ ಜ್ಯೂಸ್ ಕೊಡಿಸುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಅಂಗಡಿಯಲ್ಲಿ ಒಂದು ಮಾವಿನ ಪ್ಯಾಕೆಟ್ ತೆಗೆದುಕೊಂಡು ಹಿಂದಿನ ಸಣ್ಣ ಅಕ್ಷರ ಓದಿ. ನೀರು, ಮಾವಿನ ಪಲ್ಪ್, ಸಕ್ಕರೆ, ಆಮೇಲೆ ಆಸಿಡಿಟಿ ರೆಗ್ಯುಲೇಟರ್ ಅಂತ ಇದ್ದು ಪಕ್ಕದಲ್ಲಿ ನಂಬರ್ ಇರುತ್ತದೆ. 330 ಅಂದರೆ ಸಿಟ್ರಿಕ್ ಆಸಿಡ್, ನಿಂಬೆಯಲ್ಲಿರುವುದೇ. 296 ಅಂದರೆ ಮ್ಯಾಲಿಕ್ ಆಸಿಡ್. ಕೋಲಾ ಬಾಟಲಿಯಲ್ಲಿ 338 ಇರುತ್ತದೆ, ಫಾಸ್ಫಾರಿಕ್ ಆಸಿಡ್. ಈ ನಂಬರ್ ಕಂಡರೆ ಅದು ಎಷ್ಟೇ ಸಿಹಿಯಾಗಿದ್ದರೂ ಒಳಗೆ ಹುಳಿ ಇದೆ ಅಂತ ತಿಳಿಯಿರಿ. ಸಕ್ಕರೆ ಹುಳಿಯನ್ನು ನಾಲಿಗೆಯಿಂದ ಮುಚ್ಚಿಡುತ್ತದೆ, ಹಲ್ಲಿನಿಂದ ಮುಚ್ಚಿಡಲು ಆಗಲ್ಲ. ಹಣ್ಣು ತಿನ್ನಲು ಕೊಟ್ಟರೆ ಅಗಿಯುತ್ತಾರೆ, ಎಂಜಲು ಬರುತ್ತದೆ, ನಾರೂ ಸಿಗುತ್ತದೆ. ಹಣ್ಣಿಗೂ ಪ್ಯಾಕೆಟ್ಟಿಗೂ ಹೋಲಿಕೆಯೇ ಇಲ್ಲ.

ಕೋಲಾದ ಪಿಎಚ್ 2.5 ಆಸುಪಾಸು, 250 ಎಂಎಲ್‌ಗೆ 26 ಗ್ರಾಂ ಹತ್ತಿರ ಸಕ್ಕರೆ. ಡಯಟ್ ಬಾಟಲಿಯಲ್ಲಿ ಸಕ್ಕರೆ ಇಲ್ಲ, ಹುಳುಕಿನ ಭಯ ಅಷ್ಟಿಲ್ಲ, ಹುಳಿ ಮಾತ್ರ ಹಾಗೇ ಇದೆ. ಸಕ್ಕರೆ ಕಾಯಿಲೆಯವರು ಇದನ್ನು ನೆನಪಿಡಿ.

ಇವೆಲ್ಲಕ್ಕಿಂತ ನನಗೆ ಕೆಟ್ಟದ್ದು ಅನ್ನಿಸುವುದು ಎನರ್ಜಿ ಡ್ರಿಂಕ್. ಅದರಲ್ಲಿರುವ ವಸ್ತುವಿಗಿಂತ ಕುಡಿಯುವ ರೀತಿಯಿಂದ. ನರಸಾಪುರ, ವೇಮಗಲ್, ವಸಂತನರಸಾಪುರದ ಫ್ಯಾಕ್ಟರಿಗಳಲ್ಲಿ ನೈಟ್ ಶಿಫ್ಟ್ ಮಾಡುವ ಹುಡುಗ ಹುಡುಗಿಯರು, ಹೈವೇಯಲ್ಲಿ ಲಾರಿ ಓಡಿಸುವವರು ನಿದ್ದೆ ಬರಬಾರದು ಅಂತ ಒಂದು ಬಾಟಲಿ ಪಕ್ಕದಲ್ಲಿಟ್ಟುಕೊಂಡು ರಾತ್ರಿಯಿಡೀ ಗುಟುಕರಿಸುತ್ತಾರೆ. ಸಕ್ಕರೆ ಇದೆ, ಹುಳಿ ಇದೆ, ರಾತ್ರಿ ಎಂಜಲು ಕಮ್ಮಿ, ನೀರು ಕುಡಿಯುವುದೂ ಕಮ್ಮಿ. ಇಪ್ಪತ್ತೈದರ ಒಳಗೇ ಹಲ್ಲಿನ ಸಂದಿಯೆಲ್ಲ ಹುಳುಕಾಗಲು ಇಷ್ಟು ಸಾಕು. ನಿದ್ದೆ ತಡೆಯಲು ಏನಾದರೂ ಬೇಕೇ ಬೇಕು ಅಂದರೆ ಸಕ್ಕರೆ ಇಲ್ಲದ ಕಾಫಿಯನ್ನು ಒಂದೇ ಸಲಕ್ಕೆ ಕುಡಿದು, ಪಕ್ಕದಲ್ಲಿ ನೀರಿನ ಬಾಟಲಿ ಇಟ್ಟುಕೊಳ್ಳಿ. ಲಾರಿಯವರಿಗೆ ಗಾಡಿ ಬದಿಗೆ ಹಾಕಿ ಅರ್ಧ ಗಂಟೆ ಮಲಗುವುದು ಎಲ್ಲಕ್ಕಿಂತ ಒಳ್ಳೇದು.

ಸ್ಟ್ರಾ ಹಾಕಿ ಕುಡಿದರೆ ಸರೀನಾ? ಸ್ಟ್ರಾ ತುದಿ ಹಲ್ಲಿನ ಹಿಂದೆ, ನಾಲಿಗೆ ಮೇಲಿದ್ದರೆ ಸ್ವಲ್ಪ ಉಪಯೋಗ. ತಣ್ಣಗಿದ್ದಾಗ ಬೇಗ ಕುಡಿದು ಮುಗಿಸುವುದು, ಬಾಯಲ್ಲಿ ಆಡಿಸದಿರುವುದು ಅದಕ್ಕಿಂತ ಉಪಯೋಗ. ಕೊನೆಗೆ ಉಳಿದ ಐಸನ್ನು ಕಟಕಟ ಕಡಿಯಬೇಡಿ, ಹಲ್ಲು ಬಿರುಕು ಬಿಡುತ್ತದೆ.

ಕಲೆ ಆಗಲೇ ಬಂದಿದ್ದರೆ

ದೊಡ್ಡ ಮಕ್ಕಳಿರುವ ಮನೆಯವರು ಇದನ್ನು ಓದಿ ಈಗೇನು ಮಾಡೋದು ಅಂತ ಕೇಳುತ್ತೀರಿ. ಫ್ಲೋರೈಡ್ ಕಲೆಯನ್ನು ಇಟ್ಟಿಗೆ ಪುಡಿ, ಇದ್ದಿಲು, ಉಪ್ಪು, ನಿಂಬೆ ಸಿಪ್ಪೆ ಹಾಕಿ ಉಜ್ಜಬೇಡಿ. ಕಲೆ ಹೋಗಲ್ಲ, ಎನಾಮೆಲ್ ಹೋಗುತ್ತದೆ. ತೆಳು ಬಿಳಿ ಗೆರೆ ಇದ್ದರೆ ಏನೂ ಮಾಡದೆ ಬಿಡಬಹುದು, ಆ ಹಲ್ಲು ಗಟ್ಟಿಯಾಗೇ ಇರುತ್ತದೆ. ಮೇಲ್ಮೈಯ ಕಂದು ಕಲೆಗೆ ಮೈಕ್ರೋಅಬ್ರೇಶನ್ ಅಂತ ಮಾಡುತ್ತಾರೆ, ಮೇಲಿನ ಪದರವನ್ನು ಕೂದಲೆಳೆಯಷ್ಟು ತೆಗೆದು ಪಾಲಿಶ್ ಮಾಡುವುದು, ಕೆಲವೊಮ್ಮೆ ಜೊತೆಗೆ ಬ್ಲೀಚ್. ಗುಳಿ ಬಿದ್ದಿದ್ದರೆ ಹಲ್ಲಿನ ಬಣ್ಣದ ಫಿಲ್ಲಿಂಗ್ ತುಂಬುತ್ತಾರೆ. ತುಂಬಾ ಕೆಟ್ಟಿದ್ದರೆ ವೆನೀರ್ (ಹಲ್ಲಿನ ಮುಂದಿನ ಮೈಗೆ ಅಂಟಿಸುವ ತೆಳು ಹೊದಿಕೆ) ಅಥವಾ ಕ್ಯಾಪ್, ಅದು ದುಬಾರಿ, ಹಲ್ಲನ್ನೂ ಸ್ವಲ್ಪ ಕೊರೆಯಬೇಕು. ಮೊದಲ ಎರಡರಿಂದ ಶುರು ಮಾಡುವುದು ಬುದ್ಧಿವಂತಿಕೆ, ನೇರವಾಗಿ ಕ್ಯಾಪ್ ಹಾಕಿಸಿ ಅಂದರೆ ಇನ್ನೊಬ್ಬ ಡಾಕ್ಟರನ್ನೂ ಕೇಳಿ ನೋಡಿ. ಖರ್ಚು ಭಯ ಇದ್ದವರು ಡೆಂಟಲ್ ಕಾಲೇಜುಗಳಿಗೆ ಹೋಗಬಹುದು, ತುಮಕೂರಿನಲ್ಲಿ, ಕೆಜಿಎಫ್‌ನಲ್ಲಿ ಖಾಸಗಿ ಕಾಲೇಜುಗಳಿವೆ, ಬೆಂಗಳೂರಿನಲ್ಲಿ ಸರ್ಕಾರಿ ಡೆಂಟಲ್ ಕಾಲೇಜ್ ಇದೆ, ಕ್ಲಿನಿಕ್ಕಿಗಿಂತ ಸಾಮಾನ್ಯವಾಗಿ ಕಮ್ಮಿಗೆ ಆಗುತ್ತದೆ. ವೆನೀರ್, ಕ್ಯಾಪ್ ಮಾತ್ರ ಹದಿನೆಂಟು ದಾಟುವ ತನಕ ಕಾಯುವುದು ಒಳ್ಳೆಯದು. ಬಾಯಿ ಮುಚ್ಚಿಕೊಂಡು ನಗುವ ಹೈಸ್ಕೂಲ್ ಹುಡುಗಿಗೆ ಅಷ್ಟು ವರ್ಷ ಕಾಯಿ ಅಂತ ಹೇಳಬೇಕಿಲ್ಲ, ಪಾಲಿಶ್ ಮತ್ತು ಫಿಲ್ಲಿಂಗ್ ಅವಳಿಗೆ ಈಗಲೇ ಮಾಡಿಸಬಹುದು.